ಮಗ್ಗ ನಿಲ್ಲಿಸಿದ ತಾಸು

ಮೊನ್ನೆ ಮಧ್ಯಾಹ್ನ ಮಕ್ತಲದ ನಮ್ಮ ಮನೆಯಲ್ಲಿ ಕರೆಂಟು ಹೋಯಿತು. ಇದೂ ಒಂದು ಬರೆಯುವ ಸಂಗತಿಯೇ ಎಂದು ನೀವು ಕೇಳಬಹುದು. ಹೋಗುವುದು ಬರುವುದು ಕರೆಂಟಿನ ಕಸುಬು. ಆದರೆ ಆಗ ಫ್ಯಾನು ನಿಂತಿತು, ಪಕ್ಕದ ಹಿಟ್ಟಿನ ಗಿರಣಿ ನಿಂತಿತು, ಎದುರುಮನೆಯ ಟೀವಿಯಲ್ಲಿ ಬೆಳಗಿನಿಂದ ಗಡಿಯ ಯುದ್ಧದ ಸುದ್ದಿಯನ್ನು ಗಂಟಲು ಹರಿದುಕೊಂಡು ಹೇಳುತ್ತಿದ್ದವನೂ ಬಾಯಿ ಮುಚ್ಚಿದ. ರೊಟ್ಟಿ ತಟ್ಟುತ್ತಿದ್ದ ನಾನು ಕೈ ಬಿಟ್ಟು ಬಾಗಿಲ ಕಡೆ ನೋಡಿದೆ. ಊಟಕ್ಕೆ ಕೂತಿದ್ದ ನನ್ನ ಗಂಡ ನಕ್ಕರು.

"ಕರೆಂಟ್ ಹೋದ್ರ ಮಂದಿ ಫ್ಯಾನ್ ನೋಡ್ತಾರ. ನೀ ಯಾಕ ಬಾಗಿಲ ನೋಡ್ತಿ?"

ಅವರದು ಗೊಬ್ಬರದ ಅಂಗಡಿ. ಗೊಬ್ಬರ ಸದ್ದು ಮಾಡುವುದಿಲ್ಲ, ಹಾಗಾಗಿ ಸದ್ದು ನಿಲ್ಲುವುದೆಂದರೇನು ಎಂದು ಅವರಿಗೆ ಗೊತ್ತಾಗುವುದೂ ಇಲ್ಲ. ನಾನು ಹುಟ್ಟಿದ್ದು ಗದ್ವಾಲದ ಮಗ್ಗದ ಓಣಿಯಲ್ಲಿ. ಎರಡು ಸಾಲು ಮನೆಗಳು, ಒಂದರ ಗೋಡೆಯೇ ಇನ್ನೊಂದರ ಗೋಡೆ. ಪ್ರತಿ ನಡುಮನೆಯಲ್ಲೂ ಒಂದು ಕುಣಿ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ನೇಯುವುದು. ಬೆಳಗಾದರೆ ಟಕಟಕ ಶುರು. ಬಂದ ನೆಂಟರಿಗೆ ಮೊದಲ ದಿನ ತಲೆನೋವು, ನಮಗೆ ಅದು ಕೇಳಿಸುತ್ತಲೇ ಇರಲಿಲ್ಲ. ಕೇಳಿಸುತ್ತಿದ್ದದ್ದು ನಿಂತಾಗ.

ಊಟದ ಹೊತ್ತಿಗೆ ಇಡೀ ಓಣಿ ಕೂಡಿ ನಿಲ್ಲುತ್ತಿತ್ತು, ಕೂಡಿ ಶುರುವಾಗುತ್ತಿತ್ತು. ಆ ಹೊತ್ತು ಬಿಟ್ಟು ಒಂದು ಮನೆಯ ಮಗ್ಗ ಮಾತ್ರ ನಿಂತರೆ ಅದರ ಅರ್ಥ ಬೇರೆ. ಹರಿದ ನೂಲಿಗೆ ಗಂಟು ಹಾಕುವಷ್ಟು ಹೊತ್ತು ಯಾರೂ ಗಮನ ಕೊಡರು. ಅದಕ್ಕಿಂತ ಹೆಚ್ಚಾದರೆ ಪಕ್ಕದ ಮನೆಯವರ ಕಿವಿ ನಿಮಿರುತ್ತಿತ್ತು. ಇನ್ನೂ ಹೆಚ್ಚಾದರೆ, ಆ ಮನೆಯಲ್ಲಿ ಸಾವಾಗಿದೆ ಎಂದು ಎದ್ದು ಬರುತ್ತಿದ್ದರು. ನಮ್ಮ ಓಣಿಯಲ್ಲಿ ಸಾವಿಗೆ ಹೇಳಿಕಳಿಸುವ ಪದ್ಧತಿಯೇ ಇರಲಿಲ್ಲ.

ತೆಲಂಗಾಣ ಬೇಕೆಂದು ಬಂದ್ ಮೇಲೆ ಬಂದ್ ನಡೆದ ಕಾಲದಲ್ಲಿ ಓಣಿಗೆ ಓಣಿಯೇ ಮಗ್ಗ ನಿಲ್ಲಿಸಿತ್ತು. ಆಗ ಯಾರಿಗೂ ಎದೆ ಹಾರಲಿಲ್ಲ. ಎಲ್ಲರದೂ ನಿಂತರೆ ಬಂದ್, ಒಬ್ಬರದು ನಿಂತರೆ ಸಾವು, ಲೆಕ್ಕ ಸರಳ. ಆ ದಿನಗಳಲ್ಲೇ ನಮ್ಮವ್ವ ಓಣಿಯ ಹೆಂಗಸರೊಂದಿಗೆ ಮೊದಲ ಸಲ ದೊಡ್ಡ ರಸ್ತೆಗೆ ಹೋಗಿ, ನಡುರಸ್ತೆಯಲ್ಲಿ ಕಲ್ಲು ಹೂಡಿ ಚಳವಳಿಯವರಿಗೆ ಅನ್ನ ಬೇಯಿಸಿದಳು. ಲಾರಿಯವನೊಬ್ಬ ಹಾರ್ನ್ ಹೊಡೆದಾಗ ಎದ್ದು ನಿಂತು ಸೌಟು ತೋರಿಸಿದಳಂತೆ. ರಾಜ್ಯ ಬಂತು. ಅವ್ವ ಸೌಟು ತೊಳೆದಿಟ್ಟು ಮತ್ತೆ ರಾಟಿಯ ಮುಂದೆ ಕೂತಳು. ನೂಲಿಗೆ ಗಂಜಿ ಹಾಕುವುದು, ರಾಟಿ ತಿರುಗಿಸಿ ಲಾಳಿಯೊಳಗಿನ ಕಂಡಿಕೆಗೆ ನೂಲು ಸುತ್ತುವುದು ಹೆಂಗಸರ ಪಾಲು. ಕುಣಿಗೆ ಇಳಿಯುವುದು ಗಂಡಸರು. ಹೊಸ ರಾಜ್ಯದಲ್ಲಿ ಈ ಕಾನೂನು ಹಳೆಯದೇ ಉಳಿದಿತ್ತು.

ಅಣ್ಣ ಮಿಲಿಟರಿ ಸೇರಿದ್ದ. ಹೊಸ ರಾಜ್ಯದ ಮೊದಲ ವರ್ಷಗಳಲ್ಲಿ ನನ್ನ ಮದುವೆ ಗೊತ್ತಾಯಿತು. ತಂಗಿಯ ಮದುವೆ ಸೀರೆಯನ್ನು ತಾನೇ ನೇಯುವೆನೆಂದು ಅವನು ಉದ್ದನೆಯ ರಜೆ ಹಾಕಿ ಬಂದ. ಗದ್ವಾಲ ಸೀರೆಗೆ ಒಬ್ಬರು ಸಾಲದು. ಮೈಗೆ ಹತ್ತಿ, ಎರಡೂ ದಡಿಗೆ, ಅಂದರೆ ಅಂಚಿಗೆ, ರೇಷ್ಮೆ, ಮೂರು ಲಾಳಿ. ಇಬ್ಬರು ಹೆಗಲಿಗೆ ಹೆಗಲು ಹಚ್ಚಿ ಕೂತು, ಒಬ್ಬರು ಎಸೆದದ್ದನ್ನು ಇನ್ನೊಬ್ಬರು ಹಿಡಿದು, ದಡಿಯ ನೂಲಿಗೂ ಮೈಯ ನೂಲಿಗೂ ಕೊಂಡಿ ಹಾಕುತ್ತ ಹೋಗಬೇಕು. ಅಪ್ಪ ಬಲಕ್ಕೆ, ಅಣ್ಣ ಎಡಕ್ಕೆ ಕೂತರು. ಅತ್ತಿಗೆ ಅನಸೂಯ ಕಂಡಿಕೆ ಸುತ್ತಿ ಕೊಡುತ್ತಿದ್ದಳು.

ಈ ಅತ್ತಿಗೆ ನಾರಾಯಣಪೇಟೆಯವಳು. ಅಲ್ಲಿನ ಸೀರೆಯನ್ನು ಒಬ್ಬರೇ ಕೂತು ನೇಯಬಹುದು. ಗಂಡುಮಕ್ಕಳಿಲ್ಲದ ಮನೆಯಲ್ಲಿ ಹುಟ್ಟಿದವಳಾದ್ದರಿಂದ ತವರಿನಲ್ಲಿ ಅಪ್ಪನ ಮಗ್ಗದ ಮೇಲೆ ತಾನೇ ಕೂತಿದ್ದಳು. ಇದನ್ನು ನಮ್ಮವ್ವ, ಸೊಸೆಗೆ ಏನೋ ಐಬಿದೆ ಎನ್ನುವ ಹಾಗೆ, ಓಣಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಸೀರೆ ಅರ್ಧಕ್ಕೆ ಬಂದಿತ್ತು, ಗಡಿ ಬಿಸಿಯಾಯಿತು. ರಜೆ ರದ್ದಾಯಿತೆಂದು ಕರೆ ಬಂತು. ಅಣ್ಣ ಲಾಳಿಯನ್ನು ಹಾಗೇ ಸೀರೆಯ ಮೇಲೆ ಮಲಗಿಸಿ ಎದ್ದ. "ಬಂದು ಮುಗಸ್ತೀನಿ ತಂಗಿ," ಅಂದ. ಹೈದರಾಬಾದಿನ ರೈಲು ಹತ್ತಿಸಿ ಬಂದದ್ದೇ ಕಡೆ, ಅವನ ಫೋನು ಸತ್ತಿತು. ಟೀವಿಯಲ್ಲಿ ಮಾತ್ರ ಹಗಲೂ ಇರುಳೂ ಯುದ್ಧ. ಅವ್ವ ನಮ್ಮ ಟೀವಿಗೆ ಚಾದರ ಹೊದಿಸಿಬಿಟ್ಟಳು. ಆದರೆ ಗೋಡೆ ಒಂದೇ ಅಂದೆನಲ್ಲ, ಪಕ್ಕದ ಲಚ್ಚಮ್ಮನ ಮನೆಯ ಟೀವಿ ತೆಲುಗಿನಲ್ಲಿ ಕೂಗುತ್ತಿತ್ತು. ಅದು ಕೇಳಬಾರದೆಂದು ಅಪ್ಪ ಮಗ್ಗವನ್ನು ಜೋರಾಗಿ ಬಡಿಯುತ್ತಿದ್ದ. ಇಬ್ಬರ ಕೆಲಸವನ್ನು ಒಬ್ಬನೇ ಮಾಡುವ ಹಟ. ಬಲಕ್ಕೆ ಒಮ್ಮೆ, ಎಡಕ್ಕೆ ಒಮ್ಮೆ ಸರಿಯುತ್ತ, ಬಾಗುತ್ತ ದಿನಕ್ಕೆ ಒಂದು ಗೇಣೂ ಸಾಗುತ್ತಿರಲಿಲ್ಲ. ಅತ್ತಿಗೆ ಕಂಡಿಕೆ ಸುತ್ತಿ ಮುಗಿಸಿ, ಬೇಡವಾದ ಕಂಡಿಕೆಯನ್ನೂ ಸುತ್ತುತ್ತಿದ್ದಳು. ನನಗಂತೂ ಅವಳ ಮುಖ ನೋಡಲು ಭಯವಾಗುತ್ತಿತ್ತು.

ಒಂದು ದಿನ ಊಟದ ಮೇಲೆ, ಓಣಿಯ ಮಗ್ಗಗಳೆಲ್ಲ ಶುರುವಾಗಿದ್ದಾಗ, ಎಡಕ್ಕೆ ಬಾಗಿದ ಅಪ್ಪನಿಗೆ ಸೊಂಟ ಹಿಡಿಯಿತು. ನಾನು, ಅವ್ವ ಸೇರಿ ಎತ್ತಿ ಒಳಗಿನ ಕೋಣೆಯ ಮಂಚಕ್ಕೆ ಹಾಕಿದೆವು. ಅವ್ವ ಎಣ್ಣೆ ಬಿಸಿ ಮಾಡಲು ಹೋದಳು. ಅತ್ತಿಗೆ ಹೊರಪಡಸಾಲೆಯಲ್ಲಿ ಗಂಜಿಯ ಪಾತ್ರೆ ತಿಕ್ಕುತ್ತಿದ್ದಳು. ಮಗ್ಗ ನಿಂತಿದೆ ಎಂಬುದು ನಮ್ಮ ಯಾರ ತಲೆಗೂ ಹೋಗಲಿಲ್ಲ.

ಮೊದಲು ಲಚ್ಚಮ್ಮನ ಮನೆಯ ಮಗ್ಗ ನಿಂತಿತು. ಆಮೇಲೆ ಅದರಾಚೆಯದು. ನಾನು ಬಾಗಿಲಿಗೆ ಬಂದು ನೋಡಿದರೆ ಓಣಿಯ ಹೆಂಗಸರು ಗುಂಪಾಗಿ ಬರುತ್ತಿದ್ದಾರೆ. ಚಪ್ಪಲಿಗಳನ್ನು ದೂರ ಬೀದಿಯಲ್ಲೇ ಬಿಟ್ಟಿದ್ದಾರೆ. ಎಲ್ಲರ ಸೆರಗೂ ಬಾಯಿಯ ಮೇಲಿದೆ. ಮುಂದೆ ಲಚ್ಚಮ್ಮ. ನಮ್ಮ ಟೀವಿ ಚಾದರದಡಿ ಇದೆ, ಅವರದು ನಡೆಯುತ್ತಿದೆ. ಟೀವಿಯಲ್ಲಿ ಅಣ್ಣನ ಹೆಸರು ಬಂದಿದೆ, ಅದಕ್ಕೇ ಬಂದರು ಎಂದುಕೊಂಡೆ. ಅತ್ತಿಗೆಯೂ ಅದನ್ನೇ ತಿಳಿದಳು. ಬೂದಿ ಮೆತ್ತಿದ ಕೈಯಲ್ಲೇ ಎದ್ದು ನಿಂತು ಕೇಳಿದಳು.

"ಟೀವ್ಯಾಗ ತೋರಿಸಿದ್ರೇನ್ರಿ?"

ಲಚ್ಚಮ್ಮನೂ ಅದೇ ಗಳಿಗೆಗೆ ಕೇಳಿದಳು. "ಏಮ್ಮಾ, ಯಾವಾಗ ಬಂತವಾ ಸುದ್ದಿ?"

ಅವಳ ಪ್ರಶ್ನೆ ಇವಳಿಗೆ ಉತ್ತರವಾಯಿತು, ಇವಳದು ಅವಳಿಗೆ. ಲಚ್ಚಮ್ಮ ಓಡಿ ಬಂದು ಅತ್ತಿಗೆಯನ್ನು ತಬ್ಬಿಕೊಂಡು ಸ್ವರ ತೆಗೆದಳು. ಒಳಗಿಂದ ಬಂದ ಅವ್ವ ಏನೂ ಕೇಳದೆ ಎಣ್ಣೆಯ ಬಟ್ಟಲನ್ನು ಕೈಬಿಟ್ಟು ನೆಲಕ್ಕೆ ಕೂತಳು. ಯಾರೋ ಒಬ್ಬಾಕೆ ಅತ್ತಿಗೆಯ ಹಣೆಯ ಕಡೆ ನೋಡಿ ಮುಖ ತಿರುಗಿಸಿದಳು. ಆ ನೋಟವನ್ನು ನಾನು ನೋಡಿದೆ. ಅತ್ತಿಗೆಯೂ ನೋಡಿದಳು. ಅವಳು ಅಳಲಿಲ್ಲ. ಲಚ್ಚಮ್ಮನ ತೋಳುಗಳ ನಡುವೆ ಕಂಬದ ಹಾಗೆ ನಿಂತಿದ್ದಳು.

ನಮ್ಮನ್ನು ಉಳಿಸಿದ್ದು ಅಪ್ಪನ ಸಿಟ್ಟು. ಒಳಗಿಂದ ಕೂಗಿದ. "ಏ, ನಾ ಇನ್ನ ಜೀವಂತ ಅದೀನಿ. ಸೊಂಟ ಹಿಡದ್ರ ಯಾರರ ಹಿಂಗ ಅಳ್ತಾರೇನು?"

ಅಳು ಅರ್ಧಕ್ಕೆ ನಿಂತಿತು. ಲಚ್ಚಮ್ಮ ತೋಳು ಸಡಿಲಿಸಿದಳು. "ಮಗ್ಗ ನಿಂತಿತ್ತಲ್ಲವಾ," ಅಂದಳು, "ಅದಕ್ಕ ಬಂದ್ವಿ."

"ಟೀವ್ಯಾಗ ಏನೂ ಇಲ್ಲ?"

"ಏನೂ ಇಲ್ಲವಾ. ದೇವರಾಣಿ."

ಈಗ ಹೇಳುವಾಗ ನನಗೂ ನಗು ಬರುತ್ತದೆ. ಆಗ ಯಾರೂ ನಗಲಿಲ್ಲ. ಬಂದವರು ಹೋಗಲೂ ತೋಚದೆ ನಿಂತೇ ಇದ್ದರು. ಅತ್ತಿಗೆ ಕೈ ತೊಳೆದಳು, ಸೆರಗು ಸೊಂಟಕ್ಕೆ ಸಿಕ್ಕಿಸಿದಳು, ಎಲ್ಲರೂ ನೋಡುತ್ತಿದ್ದ ಹಾಗೇ ಕುಣಿಗೆ ಇಳಿದು ಬಡಿಯತೊಡಗಿದಳು. ಲಾಳಿ ಎಸೆಯಲಿಲ್ಲ, ನೂಲು ಹಾಯಿಸಲಿಲ್ಲ, ಬರೀ ಬಡಿತ. ಓಣಿಗೆ ಸದ್ದು ತಾನೇ ಬೇಕು, ತಗೊಳ್ಳಿ ಎನ್ನುವ ಹಾಗೆ.

"ಖಾಲಿ ಹೊಡೀಬ್ಯಾಡವಾ, ನೂಲು ಹರೀತಾವ," ಎಂದು ಅಪ್ಪ ಮಂಚದಿಂದ ನರಳಿದ. ಸೊಸೆ ಮಗ್ಗದ ಮೇಲೆ ಕೂತದ್ದಕ್ಕಿಂತ ನೂಲಿನ ಚಿಂತೆಯೇ ಅವನಿಗೆ ಹೆಚ್ಚಾಗಿತ್ತು. ಆದರೂ ಮುಂದೆ ಏನೆಂದು ನಾನು ಹೆದರಿದೆ. ಮಾವನ ಎದುರು ಸೊಸೆ ಚಾಪೆಯ ಮೇಲೂ ಕೂಡದ ಮನೆ ನಮ್ಮದು. ಅಪ್ಪನ ಸೊಂಟ ನೆಟ್ಟಗಾದ ಮೇಲೆ ಅವನ ಹೆಗಲಿಗೆ ಹೆಗಲು ಹಚ್ಚಿ ಇವಳು ಕೂಡುವುದು ಹೇಗೆ? ಅವ್ವ ಕಣ್ಣೊರೆಸಿಕೊಂಡು ಎದ್ದಳು. ಕುಣಿಯ ಅಂಚಿಗೆ ಬಂದು, "ಸರಿ ಅತ್ಲಾಗ," ಅಂದಳು. ಸೀರೆ ಮೊಣಕಾಲಿಗೆ ಎತ್ತಿ ತಾನೂ ಇಳಿದು ಸೊಸೆಯ ಎಡಕ್ಕೆ ಕೂತಳು.

ಅವ್ವನಿಗೆ ನೇಯಲು ಬರುತ್ತಿತ್ತೆಂದು ತಿಳಿಯಬೇಡಿ. ನನ್ನ ಮದುವೆ ಸೀರೆಯ ಒಂದು ದಡಿ ಮೊಳದುದ್ದ ಹಾವು ಹರಿದ ಹಾಗೆ ಡೊಂಕಾಗಿದೆ. ನನ್ನ ಗಂಡ ಅದನ್ನು ಹೊಸ ಡಿಸೈನ್ ಎಂದು ನಂಬಿದ್ದಾರೆ, ನಾನೂ ನಂಬಿಕೆ ಕೆಡಿಸಿಲ್ಲ. ಅಪ್ಪ ಎದ್ದು ಕೂಡುವಂತಾದಾಗ ಕುಣಿಯಲ್ಲಿ ಜಾಗವಿರಲಿಲ್ಲ. ರಾಟಿ ಖಾಲಿ ಇತ್ತು. ಅವನು ಸುತ್ತಿದ ಕಂಡಿಕೆ ಒಂದು ಕಡೆ ಉಬ್ಬಿ ಒಂದು ಕಡೆ ಬತ್ತಿ ಲಾಳಿಯಲ್ಲಿ ಸಿಕ್ಕಿಬೀಳುತ್ತಿತ್ತು. ಅವ್ವ ಅದನ್ನು ಎತ್ತಿ ಹಿಡಿದು ಮಾತಿಲ್ಲದೆ ವಾಪಸ್ ಕೊಡುತ್ತಿದ್ದಳು. ಎಷ್ಟೋ ವರ್ಷ ತಾನು ಅನುಭವಿಸಿದ್ದನ್ನು ಬಡ್ಡಿ ಸಮೇತ ತೀರಿಸುತ್ತಿದ್ದಳೆಂದು ನನ್ನ ಗುಮಾನಿ. ನಾನು ಅಡಿಗೆಗೆ ನಿಂತೆ. ಆ ಬಗ್ಗೆ ಮನೆಯವರು ದೊಡ್ಡ ಮನಸ್ಸು ಮಾಡಿ ಏನೂ ಅನ್ನಲಿಲ್ಲ.

ಅಣ್ಣನ ಸುದ್ದಿ ಮಾತ್ರ ಇರಲಿಲ್ಲ.

ಕೈ ಕೂಡಿಬಂದು ಕೆಲಸ ಓಡತೊಡಗಿದ ಮೇಲೆ ಅತ್ತಿಗೆ ಒಂದು ವಿಚಿತ್ರ ಶುರುಮಾಡಿದಳು. ಊಟದ ಮೇಲೆ ಓಣಿಯೆಲ್ಲ ಮಗ್ಗ ಹಿಡಿದಾಗ ಇವಳು ಕುಣಿಗೆ ಇಳಿಯಲಿಲ್ಲ. ತಲೆ ಬಾಚಿ, ಹಣೆಗೆ ದೊಡ್ಡದಾಗಿ ಕುಂಕುಮ ಇಟ್ಟುಕೊಂಡು, ಹೊಸ್ತಿಲ ಮೇಲೆ ಕೂತು ಶೇಂಗಾ ತಿನ್ನತೊಡಗಿದಳು. ಅವ್ವ ಚಡಪಡಿಸಿದಳು.

"ಮಗ್ಗ ಯಾಕ ನಿಲ್ಲಿಸಿದಿ? ಮಂದಿ ಬರ್ತಾರ."

"ಬರ್ಲಿ ಬಿಡ್ರಿ ಅತ್ತಿ."

ಬಂದರು. ಲಚ್ಚಮ್ಮ ಅರ್ಧ ದಾರಿಗೆ ಬಂದು ಇವಳ ಬಾಯಾಡುವುದನ್ನು ಕಂಡು ನಿಂತಳು. "ಏನೂ ಆಗಿಲ್ರಿ. ಸುಮ್ನ ಕುಂತೀನಿ," ಅಂದಳು ಅತ್ತಿಗೆ. ಮರುದಿನವೂ ಅದೇ ಹೊತ್ತಿಗೆ ಒಂದು ತಾಸು ನಿಲ್ಲಿಸಿದಳು. ಆಮೇಲಿನ ದಿನವೂ. ಹೊಸ್ತಿಲ ತುಂಬ ಶೇಂಗಾ ಸಿಪ್ಪೆ. ಓಣಿ ಮೊದಲು ಗಾಬರಿಯಾಯಿತು, ಆಮೇಲೆ ಬೈದಿತು, "ಗಂಡ ಗಡಿಯಾಗ ಅದಾನ, ಈಕಿ ಸೊಗಸು ನೋಡು" ಎಂದೂ ಅಂದಿತು. ಕೊನೆಗೆ ಬಾಗಿಲಿಗೆ ಬಂದು ನೋಡುವುದನ್ನೂ ಬಿಟ್ಟಿತು. ಅಂದಿನಿಂದ ಅತ್ತಿಗೆಯೂ ಹೊಸ್ತಿಲು ಬಿಟ್ಟು ಒಳಗೆ, ಫೋನಿನ ಹತ್ತಿರ, ಗೋಡೆಗೆ ಆತು ಕೂಡತೊಡಗಿದಳು.

ಆಗ ನಾನು ಕೇಳಿದೆ, ಇದೆಲ್ಲ ಯಾಕೆ ಎಂದು.

"ಅವತ್ತು ಅವರು ನನ್ನ ತಬ್ಕೊಂಡು ಅತ್ರು. ನನಗ ಏನಂತ ಗೊತ್ತಿರಲಿಲ್ಲ, ಓಣಿಗೆ ಗೊತ್ತಿತ್ತು," ಅಂದಳು. "ಇನ್ನ ಹಂಗ ಆಗಬಾರದು. ಏನ ಸುದ್ದಿ ಬಂದ್ರೂ ಮೊದಲ ನಾ ಒಬ್ಬಾಕಿನ ಕೇಳಬೇಕು. ಅಳೋದಿದ್ರ ಮೊದಲ ನಾ ಅಳಬೇಕು. ಆಮ್ಯಾಲ ನಿಮಗ ಹೇಳ್ತೀನಿ. ಅಷ್ಟಕ್ಕರ ಒಂದು ತಾಸು ಬ್ಯಾಡೇನು?"

ಫೋನು ಬಂದದ್ದು ಆ ತಾಸಿನಲ್ಲೇ. ಗೊತ್ತಿಲ್ಲದ ನಂಬರು. ಅಪ್ಪನ ರಾಟಿ ನಿಂತಿತು. ಅವ್ವ ನನ್ನ ಕೈ ಹಿಡಿದಳು, ಉಗುರು ನೆಟ್ಟಿತು. ಅತ್ತಿಗೆ ಎರಡು ಸಲ ರಿಂಗಾಗಲು ಬಿಟ್ಟು, ಎದ್ದು ಒಳಗಿನ ಕೋಣೆಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡು ಎತ್ತಿದಳು. ಬಹಳ ಹೊತ್ತು ಏನೂ ಕೇಳಿಸಲಿಲ್ಲ. ಆಮೇಲೆ ಅವಳ ದನಿ ಬಂತು. "ಉಂಡ್ರ್ಯಾ?"

ಅವ್ವ ನನ್ನ ಕೈ ಬಿಟ್ಟಳು.

"ಇಲ್ರಿ, ಇಲ್ಲಿ ಎಲ್ಲಾ ಚಲೋ ಐತಿ," ಎಂದಳು ಅತ್ತಿಗೆ. ಮಗ್ಗದ ವಿಷಯ ಹೇಳಲಿಲ್ಲ. ಫೋನು ಇಟ್ಟ ಮೇಲೆ ಅವಳು ಅತ್ತಳು. ಇಷ್ಟು ದಿನದ್ದನ್ನೆಲ್ಲ ಕೂಡಿಸಿ, ಬಾಯಿಬಿಟ್ಟು, ಓಣಿಯ ಕೊನೆಯ ಮನೆಗೆ ಕೇಳುವಷ್ಟು ಜೋರಾಗಿ ಅತ್ತಳು. ಒಂದು ಬಾಗಿಲೂ ತೆರೆಯಲಿಲ್ಲ. ಆ ತಾಸು ಅನಸೂಯಳದು ಎಂದು ಓಣಿಗೆ ರೂಢಿಯಾಗಿತ್ತು.

ನನ್ನ ಮದುವೆಗೆ ಅಣ್ಣನಿಗೆ ರಜೆ ಸಿಗಲಿಲ್ಲ. ಮುಂದೆ ಬಂದಾಗ ಕುಣಿಯಲ್ಲಿ ಹೆಂಡತಿ, ಅವ್ವ ಕೂತಿರುವುದನ್ನು ಕಂಡು ತಲೆ ಕೆರೆದುಕೊಂಡು, ಅಪ್ಪನ ಪಕ್ಕ ಹೋಗಿ ಕೂತ. ಈಗ ಆ ಓಣಿಯಲ್ಲಿ ಇನ್ನೂ ಕೆಲವು ಮನೆಗಳ ಹೆಂಗಸರು ನೇಯುತ್ತಾರೆ, ಊಟದ ಮೇಲೆ ಒಂದು ತಾಸು ಅವರ ಮಗ್ಗಗಳೂ ನಿಲ್ಲುತ್ತವೆ. ಲಚ್ಚಮ್ಮನ ಸೊಸೆಯದೂ.

ಗಡಿ ಮತ್ತೆ ಬಿಸಿಯಾಗಿದೆ. ಅಣ್ಣ ಮತ್ತೆ ಎಲ್ಲೋ ಇದ್ದಾನೆ, ಫೋನು ಮತ್ತೆ ಸತ್ತಿದೆ. ನಿನ್ನೆ ಊಟದ ಮೇಲೆ ತಡೆಯಲಾರದೆ ಗದ್ವಾಲಕ್ಕೆ ಫೋನ್ ಮಾಡಿದೆ. ಅತ್ತಿಗೆ ಎತ್ತಲಿಲ್ಲ. ಮತ್ತೆ ಮಾಡಲು ಹೋದ ಬೆರಳನ್ನು ಹಿಂದಕ್ಕೆ ತೆಗೆದುಕೊಂಡೆ. ಸಂಜೆ ಅವಳೇ ಮಾಡಿದಳು.

"ಮಧ್ಯಾಹ್ನ ನಿದ್ದಿ ಹತ್ತಿತ್ತು ನೋಡು," ಅಂದಳು. ದನಿ ಕಟ್ಟಿತ್ತು.

ಅತ್ತಿಗೆ ಹಗಲು ಮಲಗುವವಳಲ್ಲ. ಸುದ್ದಿ ಇದ್ದಿದ್ದರೆ ಹೇಳುತ್ತಿದ್ದಳು, ಹಾಗಾಗಿ ಸುದ್ದಿ ಇಲ್ಲ. ಏನಾಯಿತು, ಅಳುತ್ತಿದ್ದೆಯಾ ಎಂದು ಕೇಳಲು ನನ್ನ ಬಾಯಿ ತೆರೆದಿತ್ತು.

"ಚಲೋ ಆತು ಬಿಡು," ಅಂದೆ. "ನಾಳೆನೂ ಮಲಗು. ನಾ ಸಂಜಿಗೆ ಮಾಡ್ತೀನಿ."