ನಾನು ತಾಬವ್ವ, ಶಿಗ್ಗಾವಿಯಿಂದ

ಶಿಗ್ಗಾವಿಯ ಪಿಂಜಾರ ಓಣಿಯಲ್ಲಿ ಕೋಳಿಗಳು ತಾಬವ್ವ ಎದ್ದ ಮೇಲೆ ಕೂಗುತ್ತಿದ್ದವು, ಅದೂ ಸ್ವಲ್ಪ ದನಿ ತಗ್ಗಿಸಿ. ತಲೆಯ ಮೇಲೆ ಸೆರಗು ಹೊದ್ದು, ಹೊಸ್ತಿಲ ಒಳಗೆ ಮೊಣಕಾಲೂರಿ, ಕಣ್ಣು ಮುಚ್ಚಿಕೊಂಡು ಆಕೆ ಶುರುಮಾಡುತ್ತಿದ್ದಳು.

"ಸ್ವಾಮಿ ಯೇಸುವೇ, ನಾನು ತಾಬವ್ವ, ಶಿಗ್ಗಾವಿಯಿಂದ. ಪಿಂಜಾರ ಓಣಿ, ಬೇವಿನ ಗಿಡದ ಬಾಜೂ ಮನಿ. ಎಲ್ಲಾರೂ ಆರಾಮ ಇದ್ದೇವಿ. ಆಡಿನ ಮಾತ ಒಂದ ಬಿಟ್ಟು."

ಬೇವಿನ ಗಿಡದ ಮೇಲಿನ ಕಾಗೆಗಳು ಎದ್ದು ತಾಲೂಕು ಕಚೇರಿಯ ಕಡೆಗೆ ಹಾರುತ್ತಿದ್ದವು. ಈಗ ಆ ಓಣಿಯಲ್ಲಿ ಬೆಳಗು ತನ್ನಷ್ಟಕ್ಕೆ ತಾನೇ ಆಗುತ್ತದೆ. ಅಷ್ಟು ಒಳ್ಳೆಯ ಬೆಳಗೇನೂ ಅಲ್ಲ.

ದೀಕ್ಷಾಸ್ನಾನದಲ್ಲಿ ಆಕೆಗಿಟ್ಟ ಹೆಸರು ತಬಿಥಾ. ಓಣಿಯ ಬಾಯಲ್ಲಿ ಅದು ತಾಬವ್ವ ಆಯಿತು, ಆಕೆಯೂ ಅದನ್ನೇ ಇಟ್ಟುಕೊಂಡಳು. ಗಂಡ ಬೇಗ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಳೆಯ ಸೀರೆ, ಧೋತರದ ತುಂಡುಗಳನ್ನು ಕೂಡಿಸಿ ಕೌದಿ ಹೊಲಿದು ಬದುಕುತ್ತಿದ್ದಳು. ಸವಣೂರು, ಹಾನಗಲ್ಲು ಸಂತೆಗಳಲ್ಲಿ ಆಕೆಯ ಕೌದಿಗೆ ಹೆಸರಿತ್ತು.

ಆಕೆಗೆ ಪ್ರಾರ್ಥನೆ ಕಲಿಸಿದವರು ಯೋನಪ್ಪ ಉಪದೇಶಿ. ದೇವರಂಥ ಮನುಷ್ಯ, ಆದರೆ ಎರಡೂ ಕಿವಿ ಮಂದ. ಪಾಠದ ಮೊದಲ ದಿನದಿಂದ, "ಯಾರವ್ವಾ ನೀನು? ಯಾವ ಊರು? ಗಟ್ಟಿಯಾಗಿ ಹೇಳು" ಎನ್ನುತ್ತಿದ್ದರು. ಎದುರಿಗೆ ಕೂತವರಿಗೇ ಇಷ್ಟು ಗಟ್ಟಿಯಾಗಿ ಹೇಳಬೇಕಾದರೆ ಮೇಲಿದ್ದವನಿಗೆ ಎಷ್ಟು ಗಟ್ಟಿಯಾಗಿ ಹೇಳಬೇಕು ಎಂದು ತಾಬವ್ವ ತಾನೇ ಲೆಕ್ಕ ಹಾಕಿದಳು. ಹೆಸರು, ಊರು, ಓಣಿಯ ಗುರುತು ಹೇಳದೆ ಒಂದು ದಿನವೂ ಪ್ರಾರ್ಥನೆ ಮಾಡಲಿಲ್ಲ.

ಆಮೇಲೆ ದಿನದ ತಕರಾರುಗಳು ಬರುತ್ತಿದ್ದವು: ಹಸಿ ಕಟ್ಟಿಗೆ, ಮೊಣಕಾಲು ನೋವು, ಪಕ್ಕದ ಮನೆಯ ಹಾಲವ್ವನ ಬಚ್ಚಲ ನೀರು ತನ್ನ ಗೋಡೆಗೆ ತಾಗುವುದು. ಯಾರನ್ನೂ ಬೈಯುತ್ತಿರಲಿಲ್ಲ. ಹೆಸರು ಹಿಡಿದು ಕ್ಷಮಿಸುತ್ತಿದ್ದಳು, ಅದು ಬೈಗುಳಕ್ಕಿಂತ ಕಷ್ಟ.

"ಬಂದೇಸಾಬಗ ಕ್ಷಮಾ ಮಾಡು ಸ್ವಾಮಿ. ಆಂವೇನ ಕೆಟ್ಟಂವಲ್ಲ. ತನ್ನ ಆಡಿಗೆ ಹಗ್ಗಾ ಕಟ್ಟಾಕ ಮೈಗಳ್ಳ, ಅಷ್ಟ."

ಬಂದೇಸಾಬ ಎದುರು ಮನೆಯ ಪಿಂಜಾರ, ಅರಳೆ ಹಿಂಜಿ ಗಾದಿ ಹೊಲಿಯುವವನು. ಇಡೀ ಓಣಿಯೆದುರು ಕ್ಷಮೆ ಪಡೆದ ದಿನವೇ ಹೋಗಿ ಹಗ್ಗ ತಂದ. ಮರುದಿನ ತಾಬವ್ವ ಹಗ್ಗಕ್ಕಾಗಿ ಯೇಸುವಿಗೆ ಸ್ತೋತ್ರ ಹೇಳಿದಳು. ಬಂದೇಸಾಬನಿಗೆ ಸಹಿಸಲಾಗಲಿಲ್ಲ.

"ರೊಕ್ಕಾ ಕೊಟ್ಟ ಹಗ್ಗಾ ತಂದಾಂವ ನಾನು, ತಾಬವ್ವಾ."

"ತಂದಾಂವ ನೀನ. ನಿನಗ ಬುದ್ಧಿ ತಂದಾಂವ ಯಾರು?"

ಬಂದೇಸಾಬ ವಿಚಾರ ಮಾಡುತ್ತ ಒಳಗೆ ಹೋದ.

ಆಮೆನ್ ಎಂದ ಮೇಲೆ ತಾಬವ್ವ ಏಳುವುದನ್ನು ನೋಡಬೇಕಿತ್ತು. ತಲೆಯ ಮೇಲಿನ ಕಟ್ಟಿಗೆ ಹೊರೆಯನ್ನು ಯಾರೋ ಹಿಡಿದು ಇಳಿಸಿಕೊಂಡವರ ಹಾಗೆ ಕುತ್ತಿಗೆ ಅತ್ತಿತ್ತ ತಿರುಗಿಸಿ, ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು ಒಲೆ ಊದಲು ಹೋಗುತ್ತಿದ್ದಳು. ಕಟ್ಟಿಗೆ ಹಸಿಯಾಗಿಯೇ ಇರುತ್ತಿತ್ತು. ಆಕೆ ಮಾತ್ರ ಹಗುರಾಗಿರುತ್ತಿದ್ದಳು.

ಎರಡನೇ ಮಹಾಯುದ್ಧ ನಡೆದಿದ್ದ ವರ್ಷಗಳಲ್ಲಿ ಯೋನಪ್ಪ ತೀರಿಕೊಂಡರು. ಹುಬ್ಬಳ್ಳಿಯಿಂದ ಹೊಸ ಉಪದೇಶಿ ಬಂದ. ತೆಳ್ಳಗಿನ, ಸಂಭಾವಿತ ಹುಡುಗ, ಸದಾ ನೆಗಡಿ. ಒಂದು ಮುಂಜಾನೆ ತಾಬವ್ವನ ಮನೆಗೆ ಬಂದವನು ಅಂಗಳದಲ್ಲೇ ನಿಂತು ಪ್ರಾರ್ಥನೆಯನ್ನು ಪೂರ್ತಿ ಕೇಳಿಸಿಕೊಂಡ. ಕೇಳಿಸಿಕೊಳ್ಳದೆ ಉಪಾಯವೂ ಇರಲಿಲ್ಲ. ಆಮೇಲೆ ರೊಟ್ಟಿ ತಿನ್ನುತ್ತ ನಗೆಯಲ್ಲೇ ಹೇಳಿದ:

"ಅಕ್ಕಾ, ಇಷ್ಟ ದೊಡ್ಡ ಯುದ್ಧ ನಡದೈತಿ, ಲಕ್ಷಗಟ್ಟಲೆ ಮಂದಿ ಸಾಯಾಕತ್ತಾರ. ಇಂಥಾದರಾಗ ದೇವರ ಮುಂದ ನೀವು ಆಡಿನ ಸುದ್ದಿ ತಗದ್ರೆಲ್ಲ."

ಇನ್ನೊಂದು ರೊಟ್ಟಿ ಹಾಕಿಸಿಕೊಂಡು, ಹೊಗಳಿ, ಸವಣೂರಿನ ದಾರಿ ಹಿಡಿದ. ಊರು ದಾಟುವಷ್ಟರಲ್ಲಿ ಆ ಮಾತನ್ನು ಮರೆತೂಬಿಟ್ಟ.

ತಾಬವ್ವ ಮರೆಯಲಿಲ್ಲ. ಆಕೆಗೆ ಒಂದು ಚಿತ್ರವೇ ಕಣ್ಣಿಗೆ ಕಟ್ಟಿತು. ದೇವರ ಬಾಗಿಲಲ್ಲಿ ಗುಂಡೇಟು ತಿಂದವರು, ಮಕ್ಕಳನ್ನು ಕಳೆದುಕೊಂಡ ತಾಯಂದಿರು ಸಾಲಾಗಿ ನಿಂತಿದ್ದಾರೆ. ಹಿಂದಿನಿಂದ ತಾನೊಬ್ಬಳು ಆಡು, ಆಡು ಎಂದು ಕೂಗುತ್ತಿದ್ದಾಳೆ. ಇಷ್ಟು ವರ್ಷ ಹೀಗೆಯೇ ಕೂಗಿದೆನಲ್ಲ ಎಂದು ನಾಚಿಕೆಯಿಂದ ಮುಖ ಬಿಸಿಯಾಯಿತು. ಮರುದಿನದಿಂದ, "ಯುದ್ಧ ನಿಲ್ಲಸು. ಆಮೆನ್" ಎಂದಷ್ಟೇ ಪಿಸುಗುಟ್ಟಿ ಏಳತೊಡಗಿದಳು. ಮೊಣಕಾಲು ನೆಲಕ್ಕೆ ತಾಗುವಷ್ಟರಲ್ಲಿ ಮುಗಿಯುತ್ತಿತ್ತು.

ಕೋಳಿಗಳು ಗಲಿಬಿಲಿಗೊಂಡು ಹೊತ್ತೇರಿದ ಮೇಲೆ ಕೂಗಿದವು. ತಕರಾರುಗಳು ಮಾತ್ರ ನಿಲ್ಲಲಿಲ್ಲ. ಹಗ್ಗ ಹಳತಾಗಿ ಹರಿದು, ಆಡು ಬಂದು ಕೌದಿಯ ಮೂಲೆ ತಿಂದಿತು. ಹಂಚು ಸೋರಿತು. ಬಟ್ಟೆಯ ಅಭಾವದಲ್ಲಿ ಜನ ತಮ್ಮ ಚಿಂದಿಯನ್ನು ತಾವೇ ಉಟ್ಟರು, ಕೌದಿಗೆ ತುಂಡು ಸಿಗದಾಯಿತು. ಮೊದಲಾದರೆ ಒಂದೊಂದನ್ನೂ ಮುಂಜಾನೆ ಇಳಿಸಿಬಿಡುತ್ತಿದ್ದಳು. ಈಗ ಎಲ್ಲವೂ ಎದೆಯಲ್ಲೇ ಒಂದರ ಮೇಲೊಂದು ಕೂತವು.

ಕೊನೆಗೆ ಸೂಜಿ ಮುರಿಯಿತು. ಶಿಗ್ಗಾವಿಯ ಅಂಗಡಿಗಳಲ್ಲಿ ಸೂಜಿ ಇರಲಿಲ್ಲ, ಸವಣೂರಿನಲ್ಲೂ ಇರಲಿಲ್ಲ. ಗಂಡ ಸತ್ತಾಗ ಎದ್ದು ಒಲೆ ಹಚ್ಚಿದ್ದ ಹೆಂಗಸು, ಎರಡು ತುಂಡಾದ ಸೂಜಿಯನ್ನು ಅಂಗೈಯಲ್ಲಿಟ್ಟುಕೊಂಡು ಮಧ್ಯಾಹ್ನದವರೆಗೆ ಅತ್ತಳು. ಸೂಜಿಗಾಗಿ ಅಳುತ್ತಿದ್ದೇನೆ ಎಂಬ ನಾಚಿಕೆಗೆ ಮತ್ತಷ್ಟು ಅಳು ಬಂತು. ಹುಬ್ಬಳ್ಳಿಯ ತಮ್ಮನಿಗೆ ಹೇಳಿ ಕಳಿಸಿದಳು: ಇಲ್ಲಿಂದು ಸಾಕು, ನಿನ್ನ ಮನೆಯ ಮೂಲೆಯಲ್ಲಿ ಬಿದ್ದಿರುತ್ತೇನೆ. ಸೋಮವಾರ ಮುಂಜಾನೆಗೆ ಚಕ್ಕಡಿ ಗೊತ್ತಾಯಿತು.

ಓಣಿಗೆ ಬೇರೆಯೇ ಹೆದರಿಕೆ ಹತ್ತಿತ್ತು. ಭಾನುವಾರ ಸಂಜೆ ಹಾಲವ್ವ ಮತ್ತು ಬಂದೇಸಾಬ ಕೂಡಿಯೇ ತಾಬವ್ವನ ಬಾಗಿಲಿಗೆ ಬಂದರು. ಹಾಲವ್ವನ ಹಣೆಯ ಮೇಲೆ ವಿಭೂತಿ, ಬಂದೇಸಾಬನ ಗಡ್ಡದಲ್ಲಿ ಅರಳೆ. ಟ್ರಂಕು ಕಟ್ಟಿಟ್ಟಿದ್ದನ್ನು ನೋಡಿ ಇಬ್ಬರೂ ಹೊಸ್ತಿಲಲ್ಲೇ ನಿಂತರು.

"ತಾಬವ್ವಾ," ಎಂದ ಬಂದೇಸಾಬ, "ಮೊದಲ ಗಟ್ಟಿಯಾಗಿ ಹೇಳತಿದ್ದಿ, ಏನ ಹೇಳಿದಿ ಅಂತ ಗೊತ್ತಾಗತಿತ್ತು. ಈಗ ಒಳಗೊಳಗ ಹೇಳಾಕತ್ತೀದಿ. ನನ್ನ ಮ್ಯಾಲೆ ಏನೇನ ಹೇಳೀಯೋ ಏನೋ, ನಿದ್ದಿ ಬರವಲ್ದು ನನಗ."

"ಏನೂ ಹೇಳಿಲ್ಲಪಾ. ಯುದ್ಧದ್ದಷ್ಟ ಹೇಳತೇನಿ."

"ಆಡಿಂದು?"

"ಆಡಿಂದೇನ ಹೇಳೂದೈತಿ? ಆಂವಗ ಸಾವಿರ ಕೆಲಸ ಅದಾವು."

ಹಾಲವ್ವ ಟ್ರಂಕಿನ ಮೇಲೆ ಕೂತಳು. ಬೇಕೆಂದೇ ಕೂತಳು, ಆಕೆಯನ್ನು ಎಬ್ಬಿಸುವುದು ಸುಲಭವಿರಲಿಲ್ಲ.

"ಅಲ್ಲವಾ, ಇಷ್ಟ ವರ್ಷ ನಿನ್ನ ಆಡಿನ ಸುದ್ದಿ ಕೇಳ್ಯಾನ. ಒಂದಿನಾ ಸಾಕು ಅಂದಾನೇನ?"

"ಇಲ್ಲ."

"ಮತ್ತ ಸಾಕು ಅಂದಾವರು ಯಾರು?"

"ಉಪದೇಶಿ."

"ಆಂವಗ ನೆಗಡಿ. ನೀನು ಹೇಳಿದ್ದು ಅರ್ಧಾ ಕೇಳಿಸಿರೂದಿಲ್ಲ. ಹೇಳ ಈಗ."

"ಬರವಲ್ದ ಹಾಲವ್ವಾ. ಬಾಯಿ ತಗದ್ರ ನಾಚಿಕಿ ಬರತೈತಿ."

ಹಾಲವ್ವ ಬಂದೇಸಾಬನ ಮುಖ ನೋಡಿದಳು. "ಹಂಗಾರ ನಾನ ಹೇಳತೇನಿ. ನನಗೂ ಬಾಯಿಪಾಠ ಆಗೈತಿ."

"ನಾ ಇಲ್ಲೇ ಕಟ್ಟಿ ಮ್ಯಾಲೆ ಕುಂತಿರತೇನಿ," ಎಂದ ಬಂದೇಸಾಬ. "ಆಡಿನ ಮಾತ ಬಂದ್ರ ಹೂಂ ಅಂತೇನಿ."

ಹಾಲವ್ವ ಕಣ್ಣು ಮುಚ್ಚಿದಳು. "ಸ್ವಾಮಿ ಯೇಸುವೇ, ನಾನು ತಾಬವ್ವ, ಶಿಗ್ಗಾವಿಯಿಂದ."

"ನೀ ಯಾವಾಗ ತಾಬವ್ವ ಆದಿ? ದೇವರ ಮುಂದ ಸುಳ್ಳ ಹೇಳಬ್ಯಾಡ," ಎಂದ ಕಟ್ಟೆಯವನು.

"ನಾನು ಹಾಲವ್ವ. ಬಾಜೂ ಮನಿ. ತಾಬವ್ವಂದ ಹೇಳಾಕತ್ತೇನಿ. ಆಕಿ ಸೂಜಿ ಮುರದೈತಿ. ಆಕಿ ಗ್ವಾಡಿ ಹಸಿ ಆಗೈತಿ, ಮಳಿಯಿಂದ."

ತಾಬವ್ವ ಅಲುಗಿದಳು.

"ಆಡು ಆಕಿ ಕೌದಿ ತಿಂದೈತಿ. ತಪ್ಪ ಆಡಿಂದಲ್ಲ. ಆಕಿ ಕೌದಿ ಹೊರಗ ಇಟ್ಟಿದ್ದಳು."

"ಹೂಂ," ಎಂದ ಬಂದೇಸಾಬ, ಬಹಳ ಭಕ್ತಿಯಿಂದ.

ತಾಬವ್ವನಿಂದ ತಡೆಯಲಾಗಲಿಲ್ಲ. ಮೊಣಕಾಲು ನೆಲಕ್ಕೆ ತಾಗಿದ ಸದ್ದು ಕೇಳಿಸಿತು.

"ಸ್ವಾಮಿ, ಆಕೀ ಮಾತ ಕೇಳಬ್ಯಾಡ. ನಾನು ತಾಬವ್ವ, ಶಿಗ್ಗಾವಿಯಿಂದ. ಕೌದಿ ಒಳಗಿತ್ತು, ಆಡ ಒಳಗ ಬಂದಿತ್ತು. ಗ್ವಾಡಿ ಹಸಿ ಆಗಿದ್ದು ಮಳಿಯಿಂದಲ್ಲ, ಹಾಲವ್ವನ ಬಚ್ಚಲದಿಂದ. ಇಬ್ಬರಿಗೂ ಕ್ಷಮಾ ಮಾಡು." ಸೆರಗು ಮುಂದೆ ಎಳೆದುಕೊಂಡಳು. "ನಂದ ಸಣ್ಣ ತ್ರಾಸು, ಗೊತ್ತೈತಿ. ಆದ್ರ ನನಗ ಹೊರಾಕ ಆಗವಲ್ದು. ನಿನ್ನ ಬಿಟ್ಟ ಯಾರ ಮುಂದ ಇಳಸಲಿ?"

ದೀಪ ಹಚ್ಚುವ ಹೊತ್ತಿನವರೆಗೆ ಮುಂದುವರಿಯಿತು. ಉಳಿದು ಕೂತಿದ್ದೆಲ್ಲ ಒಂದೊಂದಾಗಿ ಹೊರಬಂತು. ಯುದ್ಧದಲ್ಲಿ ಮಕ್ಕಳನ್ನು ಕಳೆದುಕೊಂಡವರನ್ನೂ ನೆನೆದಳು, ಅವರನ್ನು ಮುಂದೆ ಬಿಡು, ನಾನು ಹಿಂದೆ ನಿಂತಿರುತ್ತೇನೆ ಎಂದಳು. ಗೂಡು ಸೇರಿದ್ದ ಕೋಳಿಗಳು ಬೆಳಗಾಯಿತೆಂದು ಹೊರಗೆ ಬಂದವು. ಆಮೆನ್ ಎಂದು ಎದ್ದವಳು ಕುತ್ತಿಗೆ ಅತ್ತಿತ್ತ ತಿರುಗಿಸಿದಳು.

"ಹಾಲವ್ವಾ, ಟ್ರಂಕ ಬಿಟ್ಟ ಏಳು. ಹೊದಿಕಿ ತಗೀಬೇಕು."

ಸೋಮವಾರದ ಚಕ್ಕಡಿ ಖಾಲಿ ಹೋಯಿತು. ಸೂಜಿ ಆಕಾಶದಿಂದೇನೂ ಬೀಳಲಿಲ್ಲ. ಬಂದೇಸಾಬ ಗಾದಿ ಹೊಲಿಯುವ ತನ್ನ ದಬ್ಬಣ ಕೊಟ್ಟ, ಅದು ಕಿರುಬೆರಳಿನಷ್ಟು ದಪ್ಪ. ಅದರಿಂದ ಹೊಲಿದ ಕೌದಿಗಳಲ್ಲಿ ಹೊಲಿಗೆಗಿಂತ ತೂತೇ ಹೆಚ್ಚು. ಹೊದ್ದುಕೊಂಡರೆ ಗಾಳಿ ಆಡುತ್ತಿತ್ತು. ತಾಬವ್ವ ಅವನ್ನು ಬ್ಯಾಸಿಗೆ ಕೌದಿ ಎಂದು ಹಾನಗಲ್ಲಿನಲ್ಲಿ ಮಾರಿ ಬಂದಳು, ಸ್ತೋತ್ರವನ್ನೂ ಹೇಳಿದಳು. ದಬ್ಬಣ ಕೊಟ್ಟವನು ತಾನು ಎಂದು ಬಂದೇಸಾಬ ಈ ಸಲ ಹಗ್ಗದ ಹಾಗೆ ಲೆಕ್ಕ ತೆಗೆಯಲಿಲ್ಲ.

ನಲವತ್ತೆಂಟನೇ ಇಸವಿಯ ಮುಂಗಾರಿನ ಹೊತ್ತಿಗೆ ತಾಬವ್ವನಿಗೆ ಜ್ವರ ಬಂತು. ಕೊನೆಯ ದಿನಗಳಲ್ಲಿ ಮೊಣಕಾಲೂರಲು ಆಗುತ್ತಿರಲಿಲ್ಲ. ಮಲಗಿಕೊಂಡೇ ಊರು, ಓಣಿ, ಬೇವಿನ ಗಿಡದ ಗುರುತು ಹೇಳುತ್ತಿದ್ದಳು. ದನಿ ಎದುರು ಮನೆಯವರೆಗೂ ಮುಟ್ಟುತ್ತಿರಲಿಲ್ಲ, ಆದ್ದರಿಂದ ಬಂದೇಸಾಬ ಬಂದು ಹೊಸ್ತಿಲ ಮೇಲೆ ಕೂರುತ್ತಿದ್ದ. ಒಂದು ಮುಂಜಾನೆ ಆ ದನಿ ಊರಿನ ಹೆಸರಿಗೇ ನಿಂತುಹೋಯಿತು.

ಒಂದು ಬ್ಯಾಸಿಗೆ ಕೌದಿ ಹೊದಿಸಿ ಮಣ್ಣು ಮಾಡಿದರು. ಅದೇ ಉಪದೇಶಿ ಬಂದಿದ್ದ. ಅಳುತ್ತ ಅವನು ಮಾಡಿದ ಪ್ರಾರ್ಥನೆ ಮುಂದೆ ನಿಂತವರಿಗಷ್ಟೇ ಕೇಳುತ್ತಿತ್ತು. ಹಿಂದಿನಿಂದ ಹಾಲವ್ವ ಹೇಳಿದಳು:

"ಸ್ವಲ್ಪ ಗಟ್ಟಿಯಾಗಿ ಹೇಳ್ರಿ. ಆಂವಗ ಆಕಿ ದನಿ ರೂಢಿ ಆಗೈತಿ."

ಉಪದೇಶಿಗೆ ಆಗಲಿಲ್ಲ. ಪುಸ್ತಕ ಮುಚ್ಚಿ, ನೀವೇ ಹೇಳಿ ಎಂಬಂತೆ ಆಕೆಯ ಕಡೆ ನೋಡಿದ. ಹಾಲವ್ವ ಸೆರಗು ಹೊದ್ದುಕೊಂಡು ಮುಂದೆ ಬಂದಳು.

"ಸ್ವಾಮಿ ಯೇಸುವೇ, ನಾನು ಹಾಲವ್ವ, ಶಿಗ್ಗಾವಿಯಿಂದ. ಬೇವಿನ ಗಿಡದ ಬಾಜೂ ಮನೀಯಾಕಿ ನಿನ್ನ ಹತ್ರ ಬಂದಾಳ. ಈಗ ಸಮೀಪ ಅದಾಳ, ಇನ್ನ ಅಷ್ಟ ಗಟ್ಟಿಯಾಗಿ ಹೇಳಬೇಕಾಗಿಲ್ಲ ಅಂತ ನೀನ ತಿಳಿಸಿ ಹೇಳು. ನಾವು ಹೇಳಿದ್ರ ಕೇಳತಿರಲಿಲ್ಲ."

ಬಂದೇಸಾಬ ದೂರದ ಕಲ್ಲಿನ ಮೇಲೆ ಕೂತಿದ್ದ. "ಹೂಂ," ಎಂದ.