ತಾಮ್ರದ ಹಂಡೆಯ ಸಮುದ್ರ

ಆಗೆಲ್ಲ ಗೋಕಾಕದ ಬೇಸಿಗೆ ಎಂದರೆ ಹುಣಸೆಹಣ್ಣಿನ ವಾಸನೆ. ಹೆಂಗಸರು ಪಡಸಾಲೆಯಲ್ಲಿ ಕುಳಿತು ಹೊಸ ಹುಣಸೆ ಬಡಿದು, ಬೀಜ ಬಿಡಿಸಿ, ಉಪ್ಪು ಬೆರೆಸಿ ಗಡಿಗೆಗೆ ತುಂಬುತ್ತಿದ್ದರು. ನಾವು ಹುಡುಗಿಯರು ಅಂಗಳದಲ್ಲಿ ಕುಂಟಾಬಿಲ್ಲೆ ಆಡುತ್ತ, ನಡುನಡುವೆ ಬಂದು ಒಂದು ತುಣುಕು ಕದ್ದು ಚೀಪುತ್ತಿದ್ದೆವು. ನಿಮ್ಮ ಮನೆಯಲ್ಲೂ ಹೀಗೇ ಇದ್ದಿರಬಹುದು. ಆದರೆ ಇಂದು ನನಗೆ ಹುಣಸೆಯ ವಾಸನೆ ಬಂದರೆ ಬಾಯಲ್ಲಿ ನೀರೂರುವುದಿಲ್ಲ, ಎದೆಯಲ್ಲಿ ಅಳುಕು ಹುಟ್ಟುತ್ತದೆ. ನಮ್ಮ ಮನೆಗೆ ಸಮುದ್ರ ಬಂದ ಬೇಸಿಗೆಯಿಂದ ಅಂಟಿಕೊಂಡ ಅಳುಕು ಅದು.

ಅಪ್ಪನ ತಮ್ಮ ಅಶೋಕ ಕಾಕಾ ಸಂಕೇಶ್ವರದಲ್ಲಿ ನೌಕರಿಯಲ್ಲಿದ್ದ. ಕಾರವಾರದ ಶೈಲಾ ಕಾಕಿಯನ್ನು ಮದುವೆಯಾಗಿ ಅಲ್ಲೇ ಬಾಡಿಗೆ ಮನೆ ಹಿಡಿದಿದ್ದ. ಕಾಕಿ ಬಸುರಿಯಾದ ಸುದ್ದಿ ಬಂದದ್ದೇ ತಡ, ನಮ್ಮ ಆಯಿ, ಅಂದರೆ ಅಪ್ಪನ ತಾಯಿ, ಹಟ ಹಿಡಿದು ಕುಳಿತಳು.

"ಬಸುರಿ ಹೆಂಗಸು ಒಬ್ಬಾಕಿ ಅಲ್ಲಿರೂದು ಬ್ಯಾಡ. ಇಲ್ಲೇ ಕರಕೊಂಡ ಬಾ. ಕೂಸು ನಮ್ಮ ಮನ್ಯಾಗ ಆಡ್ಲಿ."

ಕಾಕಿ ಒಪ್ಪಿದಳು. ಒಂದೇ ಮಾತು, ತನ್ನ ಉಪ್ಪುನೀರಿನ ಅಕ್ವೇರಿಯಂ ಜೊತೆಗೆ ಬರಬೇಕು.

ಅದನ್ನು ತರಲು ದಸ್ತಗೀರ ಮಾಮಾನ ಟೆಂಪೋದಲ್ಲಿ ಕಾಕಾನ ಸಂಗಡ ನಾನೂ ಹೋದೆ. ನೀರು ತುಂಬಿದ ಗಾಜನ್ನು ಎತ್ತಿದರೆ ಬಿರುಕು ಬಿಡುತ್ತದೆ ಎಂದು ಕಾಕಿ ಮೊದಲೇ ತೊಟ್ಟಿ ಬರಿದು ಮಾಡಿಸಿದ್ದಳು. ಮೀನುಗಳು ತಮ್ಮದೇ ನೀರಿನಲ್ಲಿ ಮುಚ್ಚಳದ ಬಕೆಟ್ಟುಗಳಲ್ಲಿದ್ದವು, ಅವಕ್ಕೆ ಗಾಳಿ ಊದುವ ಬ್ಯಾಟರಿ ಪಂಪು ಗುರ್ ಎನ್ನುತ್ತಿತ್ತು. ಸಮುದ್ರದ ಕಲ್ಲುಗಳಿಗೆ ಒದ್ದೆ ಗೋಣಿಚೀಲ. ಖಾಲಿ ಗಾಜಿಗೆ ಆಯಿ ಹೊಲಿದ ಎರಡು ಕೌದಿಗಳ ಹೊದಿಕೆ. ಹುಕ್ಕೇರಿಯಲ್ಲಿ ಎಲ್ಲರೂ ಚಹಾಕ್ಕೆ ಇಳಿದರೂ ದಸ್ತಗೀರ ಮಾಮಾ ಗಾಡಿಯನ್ನು ಬೇವಿನ ನೆರಳಿಗೆ ಹಚ್ಚಿ ಬಕೆಟ್ಟುಗಳ ಹತ್ತಿರವೇ ನಿಂತ.

"ಹಾಲು ತಂದೇನಿ, ಕಬ್ಬು ತಂದೇನಿ, ಮದವಿ ಮಂದೀನ ತಂದೇನಿ," ಎಂದ ನನಗೆ. "ಸಮುದ್ರ ತಂದಿದ್ದಿಲ್ಲ ಬೇಟಾ. ಯಾಕೋ ಅಂಜಿಕಿ ಬರತೈತಿ."

ನಾನು ನಕ್ಕೆ. ಆ ಬೇಸಿಗೆಯಲ್ಲಿ ಅಷ್ಟು ನಿರಾಳವಾಗಿ ನಕ್ಕದ್ದು ಅದೇ ಕೊನೆ.

ಮನೆಯಲ್ಲಿ ಕಾಕಿ ಮರದ ಮೇಜು ಬೇಡವೆಂದು ಪಡಸಾಲೆಯ ಕಲ್ಲಿನ ಕಟ್ಟೆಯನ್ನೇ ಆರಿಸಿಕೊಂಡಳು. ತಾಟಿನಲ್ಲಿ ನೀರಿಟ್ಟು ಕಟ್ಟೆ ಸಮತಟ್ಟಾಗಿದೆಯೇ ಎಂದು ನೋಡಿದಳು. ವಾಯರನ್ನು ಸ್ವಿಚ್ಚಿಗಿಂತ ಕೆಳಗೆ ಜೋತು ಬಿಟ್ಟಳು, ಹನಿ ಹರಿದು ಬಂದರೂ ನೆಲಕ್ಕೆ ಬೀಳಬೇಕು, ಕರೆಂಟಿಗೆ ತಾಗಬಾರದು. ಆಮೇಲೆ ತೊಟ್ಟಿಗೆ ಹೊಸ ಸಮುದ್ರದ ನೀರು ತುಂಬಿಸಿ, ಸಣ್ಣ ನಳಿಕೆಯಿಂದ ಅದನ್ನು ಬಕೆಟ್ಟಿಗೆ ಹನಿಹನಿಯಾಗಿ ಬಿಡುತ್ತ, ಮೀನುಗಳಿಗೆ ಹೊಸ ನೀರಿನ ರೂಢಿ ಮಾಡಿಸುತ್ತ ಮಧ್ಯಾಹ್ನವೆಲ್ಲ ಕುಳಿತಳು.

"ಸಾಬೂನಿನ ಕೈ ಒಳಗೆ ಹಾಕುದಲ್ಲ. ಒದ್ದೆ ಕೈಯಲ್ಲಿ ಸ್ವಿಚ್ಚು ಮುಟ್ಟುದಲ್ಲ," ಎಂದು ನನಗೆ ತಾಕೀತು ಮಾಡಿದಳು.

ಸಂಜೆಯ ಹೊತ್ತಿಗೆ ನಮ್ಮ ಪಡಸಾಲೆಯಲ್ಲಿ ಬಿಳಿ ಪಟ್ಟಿಯ ಎರಡು ಕಿತ್ತಳೆ ಮೀನು, ಕೆಂಪು ಗೆರೆಯ ಒಂದು ಸಿಗಡಿ, ಗಾಜಿಗೆ ಅಂಟಿದ ಬಸವನಹುಳುಗಳು, ಕಲ್ಲಿನ ಮೇಲೆ ಹೂವಿನಂತೆ ಅರಳಿ ಓಲಾಡುವ ಒಂದು ಜೀವ. ಕಿತ್ತಳೆ ಮೀನುಗಳು ಆ ಹೂವಿನೊಳಗೇ ಮಲಗುತ್ತಿದ್ದವು.

ಆಯಿ ಸಮುದ್ರ ನೋಡಿದವಳಲ್ಲ. ಗಾಜಿಗೆ ಹೊರಗಿನಿಂದ ಭಂಡಾರದ ಅರಿಸಿನ ಹಚ್ಚಿ ಕೈ ಮುಗಿದಳು.

"ನಮ್ಮ ಘಟಪ್ರಭಿನೂ ಇದರಾಗ ಹೋಗಿ ಸೇರತಾಳಲ್ಲವ್ವಾ?"

"ಹೌದತ್ತೆ," ಎಂದಳು ಕಾಕಿ. ಘಟಪ್ರಭೆಯ ನೀರು ಹೋಗುವುದು ಮೂಡಣ ಸಮುದ್ರಕ್ಕೆ, ಕಾರವಾರಕ್ಕಲ್ಲ ಎಂದು ಸಾಲಿಯಲ್ಲಿ ಕಲಿತಿದ್ದ ನಾನು ಜಾಣತನ ತೋರಿಸಲು ಹೋಗಲಿಲ್ಲ.

ವಾರಕ್ಕೊಮ್ಮೆ ಒಂದು ಬಕೆಟ್ ಹಳೆಯ ನೀರು ತೆಗೆದು ಹೊಸ ಸಮುದ್ರದ ನೀರು ಹಾಕಬೇಕಿತ್ತು. ಕಾಕಿಯ ಅಣ್ಣ ಅದನ್ನು ಕ್ಯಾನುಗಳಲ್ಲಿ ತುಂಬಿ ತರಕಾರಿ ಲಾರಿಯವರ ಕೈಯಲ್ಲಿ ಕಳಿಸುತ್ತಿದ್ದ. ಬಸುರಿ ಕ್ಯಾನು ಎತ್ತುವ ಹಾಗಿಲ್ಲ, ಆ ಕೆಲಸ ಆಯಿಯ ಪಾಲಿಗೆ ಬಂತು. ಮೊದಲ ಕ್ಯಾನು ಬಂದಾಗಲೇ ಆಯಿ ಮುಖ ಸಿಂಡರಿಸಿದಳು.

"ತೀರ್ಥಾ ಯಾರರೆ ಪ್ಲಾಸ್ಟಿಕ್ಕಿನ್ಯಾಗ ಇಡತಾರೇನ?"

ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಯಿತು. ಆಯಿ ಹುಣಸೆಹಣ್ಣು, ಉಪ್ಪು ಹಚ್ಚಿ ತಿಕ್ಕಿ, ಫಳಫಳ ಹೊಳೆಯುವ ಹಾಗೆ ಮಾಡಿ ದೇವರ ಕೋಣೆಯಲ್ಲಿಟ್ಟಳು. ಸಮುದ್ರವನ್ನು ಅದಕ್ಕೆ ಸುರಿದು ಬಿಳಿ ವಸ್ತ್ರ ಕಟ್ಟಿದಳು. ಶುಕ್ರವಾರ ಬಂದರೆ ಅದರಿಂದಲೇ ಬಕೆಟ್ ತುಂಬಿ ತಂದು ಕಾಕಿಯ ಮುಂದಿಡುತ್ತಿದ್ದಳು. ಹಂಡೆಯಲ್ಲಿರುವುದು ದೇವರ ನೀರು, ಬಕೆಟ್ಟಿನದು ನೇರ ಕ್ಯಾನಿನಿಂದ ಬಂದದ್ದು ಎಂದೇ ಕಾಕಿ ತಿಳಿದಿದ್ದಳು.

ಎಲ್ಲ ಕೆಟ್ಟದ್ದೂ ಅಲ್ಲಿಂದಲೇ ಶುರುವಾಯಿತು ಎಂದು ಈಗ ಗೊತ್ತು. ನಾವು ಕುಡಿಯುವ ನೀರಿಗೆ ತಾಮ್ರ ಶ್ರೇಷ್ಠವಿರಬಹುದು, ಆದರೆ ಉಪ್ಪುನೀರು ತಾಮ್ರವನ್ನು ತಿಂದು ತನ್ನೊಳಗೆ ಕರಗಿಸಿಕೊಳ್ಳುತ್ತದೆ, ಸಿಗಡಿ, ಬಸವನಹುಳುವಿನಂಥ ಜೀವಗಳಿಗೆ ಅದು ವಿಷ. ಕಾಕಿಗೆ ಇದು ಚೆನ್ನಾಗಿ ಗೊತ್ತಿತ್ತು. ಆದರೆ ಸಮುದ್ರದ ದಂಡೆಯಲ್ಲಿ ಬೆಳೆದವಳಿಗೆ, ಯಾರಾದರೂ ಆ ನೀರನ್ನು ಹಂಡೆಯಲ್ಲಿಟ್ಟು ಪೂಜಿಸುತ್ತಾರೆ ಎಂಬುದು ಕನಸಿನಲ್ಲೂ ಹೊಳೆಯುವಂತಿರಲಿಲ್ಲ.

ಮೊದಲು ಸಿಗಡಿ ಸತ್ತಿತು. ಬೆಳಿಗ್ಗೆ ನೋಡಿದರೆ ಕಲ್ಲಿನ ಸಂದಿಯಲ್ಲಿ ಅಂಗಾತ ಬಿದ್ದಿತ್ತು. ಕರೆಂಟ್ ಹೋಗಿದ್ದಕ್ಕಿರಬೇಕು ಎಂದ ಕಾಕಾ. ಆಮೇಲೆ ಬಸವನಹುಳುಗಳು ಒಂದೊಂದಾಗಿ ಗಾಜು ಬಿಟ್ಟು ಕೆಳಗೆ ಉದುರಿದವು. ಕಾಕಿ ಉಪ್ಪಿನ ಹದ ಅಳೆದಳು, ಬಿಸಿ ಅಳೆದಳು, ಎಲ್ಲ ಸರಿಯಾಗಿಯೇ ಇತ್ತು. ಮಾವಿನ ಸೀಕರಣೆ, ಶೇಂಗಾ ಹೋಳಿಗೆ ಯಾವುದೂ ಅವಳಿಗೆ ರುಚಿಸಲಿಲ್ಲ. ಒಂದು ಕೈ ಗಾಜಿನ ಮೇಲೆ, ಒಂದು ಕೈ ಹೊಟ್ಟೆಯ ಮೇಲೆ ಇಟ್ಟುಕೊಂಡು ಕುಳಿತಿರುತ್ತಿದ್ದಳು. ಅವಳನ್ನು ಹಾಗೆ ನೋಡಿದರೆ ನನಗೆ ಆಟವೇ ಬೇಡವಾಗುತ್ತಿತ್ತು.

ತುಕ್ಕಾನಟ್ಟಿಯಿಂದ ಆಯಿಯ ತಂಗಿ ಚಿಕ್ಕಾಯಿ ಬಂದಳು. ತೊಟ್ಟಿಯನ್ನು ನೋಡಿ, ಕಾಕಿಯನ್ನು ನೋಡಿ, ಅಡುಗೆಮನೆಯಲ್ಲಿ ದನಿ ತಗ್ಗಿಸಿದಳು.

"ಅಕ್ಕಾ, ಬಸುರಿ ಕಣ್ಣ ಮುಂದ ಹಿಂಗ ಜೀವ ಹೋಗಬಾರದು. ಈ ಹುಡುಗಿ ಕಾಲಗುಣ ಏನೈತ್ಯೋ ಏನೋ. ಈ ಮನ್ಯಾಗ ಕುಬಸ ಮಾಡಬ್ಯಾಡ."

"ಹುಡುಗಿದೇನೂ ಇಲ್ಲ, ಸುಮ್ಕಿರು," ಎಂದಳು ಆಯಿ. "ನಮ್ಮ ಮನೀದ ಏನರೆ ತಪ್ಪ ಆಗೇತಿ."

ಆಯಿಗೆ ನಿಜಕ್ಕೂ ಭಯ ಹೊಕ್ಕಿತು. ಭಯ ಹೆಚ್ಚಿದಂತೆ ಭಕ್ತಿಯೂ ಹೆಚ್ಚಿತು. ಶುಕ್ರವಾರದ ಜೊತೆ ಸೋಮವಾರವೂ ಹಂಡೆಗೆ ಹೂವೇರಿಸಿ, ಊದಿನಕಡ್ಡಿ ಹಚ್ಚಿ ಬಕೆಟ್ ತುಂಬಿದಳು. ಹೊಸ ನೀರು ಬಿದ್ದರೆ ಒಳ್ಳೆಯದೇ ಎಂದು ಕಾಕಿಯೂ ಹಾಕಿದಳು. ಆ ಹೂವಿನಂಥ ಜೀವ ದಿನದಿನಕ್ಕೆ ಕುಗ್ಗಿ ಮುದ್ದೆಯಾಗಿ, ಕೊನೆಗೆ ಕರಗಿ ನಾತ ಬಂತು. ಮಲಗಲು ಜಾಗವಿಲ್ಲದ ಎರಡು ಮೀನು ಮೂಲೆಯಲ್ಲಿ ಒಂದಕ್ಕೊಂದು ಅಂಟಿಕೊಂಡು ಬಾಯಿ ತೆರೆಯುತ್ತಿದ್ದವು.

ಸೀಮಂತದ ಕುಬಸ ಆಗಲಿಲ್ಲ. ತಂದಿಟ್ಟಿದ್ದ ಹಸಿರು ಸೀರೆ, ಹಸಿರು ಬಳೆ ಪೆಟ್ಟಿಗೆಯಲ್ಲೇ ಉಳಿದವು. ಕಾಕಿಯನ್ನು ಬೇಗನೆ ತವರಿಗೆ ಕಳಿಸುವುದೆಂದು ಹಿರಿಯರು ಮಾತಾಡಿಕೊಂಡರು.

ಹೊರಡುವ ದಿನ ದಸ್ತಗೀರ ಮಾಮಾ ಬಂದ. ಎರಡು ಮೀನು ಬಕೆಟ್ಟಿಗಿಳಿದವು. ಕಾಕಿ ಹೊಸ್ತಿಲು ದಾಟುವಾಗ ಆಯಿ ಒಳಗಿನಿಂದ ತಾಮ್ರದ ತಂಬಿಗೆ ಹಿಡಿದು ಬಂದಳು.

"ದಾರಿಗೆ ಬೇಕಾಗತೈತವ್ವಾ. ಸಮುದ್ರದ ತೀರ್ಥ."

ಕಾಕಿ ತಂಬಿಗೆಯೊಳಗೆ ನೋಡಿದಳು. ಅಂಚಿನಲ್ಲಿ ಹಸಿರು ಕಟ್ಟಿತ್ತು.

"ಇದು ಯಾವುದರಲ್ಲಿತ್ತು, ಅತ್ತೆ?"

"ಹಂಡೇದಾಗ. ಮೊದಲಿಂದ ಅದರಾಗ ಇಟ್ಟೇನಿ. ಒಂದ ದಿನಾನೂ ಮೈಲಿಗಿ ಮಾಡಿಲ್ಲ."

ಕಾಕಿಯ ಮುಖ ಬಿಳಿಚಿತು. ಈಗ ಕೂಗುತ್ತಾಳೆ ಅನಿಸಿತು ನನಗೆ. ಅವಳು ಎರಡೂ ಕೈಯಲ್ಲಿ ತಂಬಿಗೆ ತೆಗೆದುಕೊಂಡು, ಕಣ್ಣಿಗೊತ್ತಿಕೊಂಡು, ಆಯಿಯ ಕಾಲಿಗೆರಗಿ ಹೊರಗೆ ನಡೆದಳು. ಟೆಂಪೋದ ಹಿಂದೆ, ಯಾರೂ ಕಾಣದ ಕಡೆ, ಗಟಾರಕ್ಕೆ ಅದನ್ನು ಸುರಿದಳು. ಹಿಂದೆಯೇ ಹೋದ ನಾನು ನೋಡಿಬಿಟ್ಟೆ. ಅಲ್ಲೇ ನಿಂತು, ತಾಮ್ರ ಏನು ಮಾಡುತ್ತದೆ ಎಂದು ಸಣ್ಣ ದನಿಯಲ್ಲಿ ಹೇಳಿದಳು.

"ಆಯಿಗೆ ಯಾಕ ಹೇಳಲಿಲ್ಲ ಕಾಕಿ?"

"ಏನಂತ ಹೇಳುದು? ನೀವು ಕೈ ಮುಗಿದು ಇಟ್ಟ ನೀರೇ ಕೊಂದಿತು ಅಂತ ಹೇಳುದಾ?" ಎಂದು ನನ್ನ ಕೈ ಹಿಡಿದಳು. "ನೀನೂ ಹೇಳಬೇಡ." ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಕಾರವಾರದಲ್ಲಿ ಹೆಣ್ಣು ಹುಟ್ಟಿತು, ಗಟ್ಟಿಮುಟ್ಟಾದ ಕೂಸು. ಆಯಿ ಇಡೀ ಓಣಿಗೆ ಕರದಂಟು ಹಂಚಿದಳು. ಆದರೆ ಕೂಸನ್ನು ಕರೆತರುತ್ತೇನೆ ಎಂದು ಕಾಕಿ ಫೋನು ಮಾಡಿದಾಗಲೆಲ್ಲ ಆಯಿಯೇ ಬೇಡವೆಂದಳು.

"ಈ ಮನ್ಯಾಗ ಸಣ್ಣ ಜೀವ ಉಳಿಯೂದಿಲ್ಲವ್ವಾ. ನೀ ಎಲ್ಲಿದ್ದರೂ ಚೆಂದಾಗಿರು."

ಕೊನೆಗೆ ಕಾಕಾನೂ ಅತ್ತಲೇ ಕೆಲಸ ಹುಡುಕಿಕೊಂಡ. ಆಯಿ ಮೊಮ್ಮಗಳ ಫೋಟೋವನ್ನು ದೇವರ ಕೋಣೆಯಲ್ಲಿ, ಆ ಹಂಡೆಯ ಪಕ್ಕದಲ್ಲೇ ಇಟ್ಟುಕೊಂಡಿದ್ದಳು. ಕೂಸನ್ನು ಒಮ್ಮೆಯೂ ಎತ್ತಿಕೊಳ್ಳಲಿಲ್ಲ, ನೀರೆರೆಯಲಿಲ್ಲ, ಕಾಡಿಗೆ ಹಚ್ಚಲಿಲ್ಲ. ಹಾಗೆಯೇ ಹೋಗಿಬಿಟ್ಟಳು.

ಈಗ ಪಡಸಾಲೆಯ ಕಟ್ಟೆ ಖಾಲಿ. ಮನೆಯಲ್ಲಿ ಹುಣಸೆ ಬಡಿಯುವವರಿಲ್ಲ, ಪ್ಯಾಕೆಟ್ಟಿನಲ್ಲಿ ಬರುತ್ತದೆ. ಹಂಡೆ ನನ್ನ ಹತ್ತಿರವಿದೆ. ಎಷ್ಟು ತಿಕ್ಕಿದರೂ ಒಳಗೆ ನೀರು ನಿಂತ ಮಟ್ಟದಲ್ಲಿ ಒಂದು ಗೆರೆ ಹೋಗುವುದಿಲ್ಲ. ಕಳೆದ ಬೇಸಿಗೆಯಲ್ಲಿ ಕಾಕಿಯ ಮಗಳು ಮೊದಲ ಸಲ ಗೋಕಾಕಕ್ಕೆ ಬಂದಿದ್ದಳು. ಕಾಲೇಜು ಓದುವ ಹುಡುಗಿ, ಆಯಿಯದೇ ಮೂಗು, ಆಯಿಯದೇ ಗದ್ದ. ಆ ಗೆರೆಯ ಮೇಲೆ ಬೆರಳಾಡಿಸುತ್ತ ಕೇಳಿದಳು:

"ಅಕ್ಕಾ, ಅಜ್ಜಿಗೆ ನನ್ನ ನೋಡ್ಬೇಕು ಅಂತ ಅನ್ನಿಸ್ಲೇ ಇಲ್ವಾ?"

ಕಾಕಿಗೆ ಕೊಟ್ಟ ಮಾತು ನೆನಪಾಗಿ ಹಂಡೆಯ ಬಾಯಿ ಮುಚ್ಚಿದೆ. "ಬಾ, ಊಟಾ ಮಾಡೋಣು," ಎಂದೆ.