ಜಗಲಿಗೆ ಬಂದ ತೆಳು ಹಾಸಿಗೆ

ಮೊನ್ನೆ ಹತ್ತಿ ಬಡಿಯುವವನು ನಮ್ಮ ಬಾಗಿಲಿಗೆ ಬಂದಿದ್ದ. ಹೊಸ ಹತ್ತಿಯ ಧೂಳು ಮೂಗಿಗೆ ಹತ್ತಿದ್ದೇ ತಡ, ಎದುರುಮನೆ ಅಕ್ಕ ನೆನಪಾದರು. ಗುಂಡ್ಲುಪೇಟೆಯ ನಮ್ಮ ಬೀದಿಯಲ್ಲಿ ಎರಡು ಬೆರಳು ದಪ್ಪದ ಹಾಸಿಗೆ ಹೊಲಿಸಿಕೊಂಡವರು ಅವರೊಬ್ಬರೇ.

ಇಪ್ಪತ್ತು ವರ್ಷದ ಹಿಂದಿನ ಮಾತು. ಅಕ್ಕ ಬಂಡೀಪುರದ ಕಡೆ ಒಂದು ರೆಸಾರ್ಟಿನಲ್ಲಿ ಕಸ ಗುಡಿಸುತ್ತಿದ್ದರು. ಅಲ್ಲಿ ಕೆಲಸಕ್ಕಿದ್ದ ಹುಡುಗಿಯರಿಗೆ ಶಿಯಾಟ್ಸು ಎಂಬ ಮೈ ಒತ್ತುವ ವಿದ್ಯೆ ಕಲಿಸಲು ಜಪಾನಿನ ಹೆಂಗಸೊಬ್ಬರು ಬಂದರು. ಒತ್ತಿ ಕಲಿಯಲು ಒಂದು ಮೈ ಬೇಕಲ್ಲ, ಅಕ್ಕನನ್ನು ಮಲಗಿಸಿದರು. ಮಲಗಿದವರೇ ಎಲ್ಲರಿಗಿಂತ ಚೆನ್ನಾಗಿ ಕಲಿತು ಎದ್ದರು! ರೆಸಾರ್ಟ್ ಮುಚ್ಚಿದ ಮೇಲೆ ಊರಿಗೆ ಬಂದು 'ಶಿಯಾಟ್ಸು ಮಸಾಜ್' ಎಂದು ಬೋರ್ಡು ಹಾಕಿದರು.

ನಾನಾಗ ಚಾಮರಾಜನಗರದ ಕಚೇರಿಯಲ್ಲಿ ಪಹಣಿ ಟೈಪ್ ಮಾಡುತ್ತಿದ್ದೆ. ಕತ್ತು ಕೊರಡಾಗಿತ್ತು, ಬಸ್ಸಿನಲ್ಲಿ ಕಂಡಕ್ಟರ್ ಕರೆದರೆ ಇಡೀ ಮೈಯನ್ನೇ ತಿರುಗಿಸಬೇಕಿತ್ತು. ಅಕ್ಕ ಎಣ್ಣೆ ಮುಟ್ಟಲಿಲ್ಲ, ಸೀರೆ ಸಡಿಲಿಸು ಅನ್ನಲಿಲ್ಲ. ನೆಲದ ಹಾಸಿಗೆಯ ಮೇಲೆ ಬೋರಲು ಮಲಗಿಸಿ, ಪಕ್ಕದಲ್ಲಿ ಮಂಡಿಯೂರಿ, ಹೆಬ್ಬೆರಳಿಟ್ಟು ನಿಧಾನವಾಗಿ ವಾಲಿದರು. ಒತ್ತುವುದು, ನನ್ನ ಉಸಿರಿಗೆ ಕಾಯುವುದು, ಬಿಡುವುದು...

"ಬಲ ಆಕಿ ಒತ್ತದಲ್ಲ ಕಣಮ್ಮಿ, ಮೈ ಭಾರ ಬುಡದು. ಇದ್ರ ಬೇರು ಚೀನಾದಲ್ಲದಂತೆ. ಮೈಯೊಳ್ಗೆ ಕಾಲ್ವೆಗಳವೆ, ಅದ್ರಲ್ಲಿ 'ಚಿ' ಅನ್ನೋ ಶಕ್ತಿ ಓಡಾಡ್ತದಂತೆ. ಕಟ್ಕಂಡ ಕಡೆ ಒತ್ತುದ್ರೆ ಬುಟ್ಕತದೆ."

ಚೀನಾದ ವೈದ್ಯರು ಸೂಜಿ ಚುಚ್ಚುವ ಜಾಗಗಳನ್ನೇ ಇವರು ಬೆರಳಿನಿಂದ ಹುಡುಕುತ್ತಿದ್ದರು. ಚೀನಾದಿಂದ ಜಪಾನಿಗೆ ಹೋದ ಒತ್ತುವ ವಿದ್ಯೆಯೇ ಅಲ್ಲಿ ಬೆಳೆದು ಶಿಯಾಟ್ಸು ಆಯಿತಂತೆ. ಬೆರಳೊತ್ತು ಎಂದು ಅದರ ಅರ್ಥ. ಕಾಲುವೆ ಇದೆಯೋ ಇಲ್ಲವೋ ಬಲ್ಲವರು ಹೇಳಲಿ. ನಾಲ್ಕು ವಾರದಲ್ಲಿ ನನ್ನ ಕತ್ತು ತಿರುಗಿತು.

ಬೀದಿಗೆ ಮಾತ್ರ 'ಮಸಾಜ್' ಅನ್ನುವ ಮಾತೊಂದೇ ಕಾಣಿಸುತ್ತಿತ್ತು. ಬಾಗಿಲು ಹಾಕಿಕೊಂಡು ಒಳಗೇನು ನಡೆಯುತ್ತದೆ ಎಂದು ಗುಸುಗುಸು. ಒಂದು ಭಾನುವಾರ ಬೆಳಿಗ್ಗೆ ಐದಾರು ಗಂಡಸರು ಬಂದು, ಬೋರ್ಡು ಕಿತ್ತುಹಾಕು, ಇಲ್ಲವೇ ಮನೆ ಖಾಲಿ ಮಾಡು ಎಂದರು. ಅಕ್ಕನದು ಒಂಟಿ ಜೀವ, ಬಾಡಿಗೆ ಮನೆ. ಅವರ ಅನ್ನ ಆ ಎರಡು ಹೆಬ್ಬೆರಳಲ್ಲಿತ್ತು.

ಅಕ್ಕ ಒಳಗೆ ಹೋಗಿ ಹಾಸಿಗೆ ಎಳೆದು ತಂದು ಜಗಲಿಯ ಮೇಲೆ ಹಾಸಿದರು. "ಬಟ್ಟೆ ಬಿಚ್ಚಂಗಿಲ್ಲ, ಎಣ್ಣೆ ಆಕಂಗಿಲ್ಲ. ಬೀದೀಲೇ ಮಾಡ್ತೀನಿ, ನೋಡ್ಕಳಿ. ಎಲ್ಲಿ ತಪ್ಪದೆ ತೋರ್ಸಿ" ಎಂದವರು, ಗಲಾಟೆ ಕೇಳಿ ನಮ್ಮ ಬಾಗಿಲಿಗೆ ಬಂದಿದ್ದ ನನ್ನ ಕಡೆ ತಿರುಗಿದರು. "ಬಾ ಕಣಮ್ಮಿ, ಮನಿಕ್ಕೊ."

ನಾನು ತಲೆ ತಗ್ಗಿಸಿ ನಿಂತುಬಿಟ್ಟೆ. ನಾಚಿಕೆಯಾಯಿತು ಎಂದು ಇಷ್ಟು ವರ್ಷ ಹೇಳಿಕೊಂಡು ಬಂದೆ. ಸುಳ್ಳು, ಅದು ಹೇಡಿತನ.

ಆಗ ನಮ್ಮತ್ತೆ, ಅವಳ ಮನೆಗೆ ಹೋಗಬೇಡವೆಂದು ನನ್ನನ್ನು ದಿನಾ ಬೈಯುತ್ತಿದ್ದ ಅತ್ತೆ, ಸೆರಗು ಸಿಕ್ಕಿಸಿಕೊಂಡು ಬೀದಿ ದಾಟಿದರು. "ಎಂಟ್ ವರ್ಸದಿಂದ ಸೊಂಟ ನೋಯ್ತಾ ಅದೆ. ನಿಮ್ಮಲ್ಲಿ ಯಾವನ್ಲಾ ಕೇಳ್ದೋನು? ನೀ ಒತ್ತವ್ವ" ಎಂದು ಎಲ್ಲರೆದುರು ಬೋರಲು ಮಲಗಿದರು. ಅಕ್ಕ ಮಂಡಿಯೂರಿದರು. ಗಂಡಸರು ಒಬ್ಬೊಬ್ಬರಾಗಿ ಜಾಗ ಖಾಲಿ ಮಾಡಿದರು. ಬೋರ್ಡು ಉಳಿಯಿತು. ಅಲ್ಲಿಂದಾಚೆ ತೀರಿಕೊಳ್ಳುವವರೆಗೂ ಅಕ್ಕ ಜಗಲಿಯಲ್ಲೇ ಒತ್ತಿದರು, ಬೀದಿಯವರು ಕಣ್ಣು ತುಂಬ ನೋಡಲಿ ಎಂದು.

ನಾನು ಮಾತ್ರ ಮತ್ತೆ ಹೋಗಲಿಲ್ಲ. ಯಾವ ಮುಖ ಇಟ್ಟುಕೊಂಡು ಹೋಗಲಿ... ಎದುರಾದಾಗ ಅಕ್ಕ ಕತ್ತು ಹೇಗಿದೆ ಎಂದಷ್ಟೇ ಕೇಳುತ್ತಿದ್ದರು.

ಈಗ ಅತ್ತೆಯೂ ಇಲ್ಲ. ಅವತ್ತು ಬಂದಿದ್ದ ಗಂಡಸರಲ್ಲೊಬ್ಬರು ಹೋದ ವಾರ ಸಿಕ್ಕಿ, "ಒಳ್ಳೇ ಹೆಂಗ್ಸು ಕಣಮ್ಮ ಅದು" ಅಂದರು.

"ಅದ ಅವತ್ತೇ ಹೇಳ್ಬೇಕಾಗಿತ್ತು ಕಣಣ್ಣ" ಎಂದೆ. ನನಗೂ ಸೇರಿಸಿಯೇ ಹೇಳಿದೆ. ಈಗಾದರೆ ಇಡೀ ಗುಂಡ್ಲುಪೇಟೆ ನಿಂತು ನೋಡಿದರೂ ಮಲಗುತ್ತೇನೆ. ಬಾ ಎಂದು ಕರೆಯಲು ಅಕ್ಕ ಇಲ್ಲ.